ಕಾರಿನೊಳಗಿನ ಸದ್ದು: ಶೀಟ್ ಕೊಳ್ಳುವ ಮುಂಚೆ ಓದಿಕೊಳ್ಳಿ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರು ನಿಲ್ಲಿಸಿ "ಒಳಗೆ ಸದ್ದು ಜಾಸ್ತಿ" ಅಂದರೆ ಸಾಕು, ಬಾಗಿಲಿನ ಪ್ಯಾಡ್ ಬಿಚ್ಚಲು ಯಾರಾದರೂ ಸ್ಕ್ರೂಡ್ರೈವರ್ ಹಿಡಿದು ಬರುತ್ತಾರೆ. ಯಾವ ಸದ್ದು ಅಂತ ಕೇಳುವವರು ಕಮ್ಮಿ. ನಾನೂ ಮೊದಲ ಸಲ ಹಾಗೇ ನಾಲ್ಕೂ ಬಾಗಿಲಿಗೆ ಸದ್ದು ತಗ್ಗಿಸುವ ಶೀಟ್ ಹಾಕಿಸಿಕೊಂಡು ಬಂದೆ. ಬಾಗಿಲು ಮುಚ್ಚಿದರೆ ದೊಡ್ಡ ಕಾರಿನ ಹಾಗೆ 'ಧಬ್' ಅನ್ನುತ್ತಿತ್ತು, ಖುಷಿಯಾಯಿತು. ನೈಸ್ ರಸ್ತೆಗೆ ಹೋದಾಗ ಗೊತ್ತಾಯಿತು, ಕಿರಿಕಿರಿ ಮಾಡುತ್ತಿದ್ದ ಟೈರಿನ ಮೊರೆತ ಇದ್ದ ಹಾಗೇ ಇದೆ. ಅದು ಬರುತ್ತಿದ್ದದ್ದು ನೆಲದಿಂದ, ಹಿಂದಿನ ಚಕ್ರದ ಗೂಡಿನಿಂದ. ಬಾಗಿಲಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಆಮೇಲೆ ಓದಿ, ಬಿಚ್ಚಿ, ಕೆಡಿಸಿ ಕಲಿತದ್ದು ಇದು. ಈಗಷ್ಟೇ ಕಲಿಯುತ್ತಿರುವವರಿಗೆ ಉಪಯೋಗವಾಗಬಹುದು.

ಮೊದಲು ದಾರಿ ಹುಡುಕಿ

ಸದ್ದು ಒಳಗೆ ಬರುವುದು ಎರಡು ದಾರಿಯಲ್ಲಿ. ಒಂದು, ಗಾಳಿಯ ಮೂಲಕ: ಪಕ್ಕದ ಬಸ್ಸಿನ ಹಾರ್ನ್, ಕಿಟಕಿಯ ಸಂದಿಯ ಸುಯ್ ಸದ್ದು. ಇನ್ನೊಂದು, ಕಾರಿನ ತಗಡಿನ ಮೂಲಕ: ಟೈರು, ಸಸ್ಪೆನ್ಷನ್, ಎಂಜಿನ್ ನಡುಗುತ್ತವೆ, ಆ ನಡುಕ ಬಾಡಿಗೆ ಹತ್ತಿ ತಗಡೇ ಸ್ಪೀಕರ್ ಆಗುತ್ತದೆ. ಎರಡಕ್ಕೂ ಮದ್ದು ಬೇರೆ ಬೇರೆ.

ಬೆಳಗ್ಗೆ ಬೇಗ, ಖಾಲಿ ರಸ್ತೆಯಲ್ಲಿ 60ರ ವೇಗದಲ್ಲಿ ಹೋಗುತ್ತಾ ಕ್ಲಚ್ ಒತ್ತಿ. ಎಂಜಿನ್ ಆಫ್ ಮಾಡಬೇಡಿ, ಬ್ರೇಕು, ಸ್ಟೀರಿಂಗು ಗಟ್ಟಿಯಾಗಿಬಿಡುತ್ತವೆ. ಸದ್ದು ತಟ್ಟನೆ ಇಳಿದರೆ ಎಂಜಿನ್ ಕಡೆಯದು. ಇಳಿಯದೆ, ಡಾಂಬರು ಮುಗಿದು ವೈಟ್ ಟಾಪಿಂಗ್ ಕಾಂಕ್ರೀಟ್ ಶುರುವಾದ ತಕ್ಷಣ ಸ್ವರ ಬದಲಾದರೆ ಟೈರಿನದು. ಇನ್ನು ಗಾಳಿಯ ಸದ್ದು. ಅದರ ಶಕ್ತಿ ಸುಮಾರಾಗಿ ವೇಗದ ಆರನೇ ಘಾತದಂತೆ ಏರುತ್ತದೆ. 50ರಿಂದ 100ಕ್ಕೆ ಹೋದರೆ ಸುಮಾರು 18 ಡೆಸಿಬೆಲ್ ಜಾಸ್ತಿ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಅದೇ ಮುಖ್ಯವಾಗಬಹುದು. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಅದರ ಚಿಂತೆ ಯಾರಿಗೂ ಬೇಡ.

ಬಾಗಿಲ ಬೀಡಿಂಗ್ ಪರೀಕ್ಷೆಗೆ ಹತ್ತು ರೂಪಾಯಿ ನೋಟು ಸಾಕು. ನೋಟನ್ನು ಬೀಡಿಂಗ್ ಮೇಲಿಟ್ಟು ಬಾಗಿಲು ಮುಚ್ಚಿ, ಎಳೆಯಿರಿ. ಹಿಡಿದುಕೊಂಡು ಬಂದರೆ ಸರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ರಬ್ಬರ್ ಸೋತಿದೆ. ಸುತ್ತಲೂ ನಾಲ್ಕಾರು ಕಡೆ ನೋಡಿ. ಇದನ್ನು ಯಾಕೆ ಮೊದಲು ಹೇಳುತ್ತಿದ್ದೇನೆ ಅಂದರೆ, ಒಂದು ತಡೆಯಲ್ಲಿ ನೂರಕ್ಕೆ ಒಂದು ಭಾಗ ಸಂದಿ ಇದ್ದರೆ ಉಳಿದ 99 ಭಾಗ ಕಲ್ಲುಗೋಡೆಯೇ ಆಗಿರಲಿ, ಒಟ್ಟು 20 ಡೆಸಿಬೆಲ್‌ಗಿಂತ ಜಾಸ್ತಿ ತಡೆಯಲು ಆಗುವುದಿಲ್ಲ. ಸೋತ ಬೀಡಿಂಗ್ ಇಟ್ಟುಕೊಂಡು ಶೀಟಿಗೆ ದುಡ್ಡು ಸುರಿಯುವುದು ದಂಡ.

ಮೂರು ಸಾಮಾನು, ಮೂರು ಕೆಲಸ

ಅಂಗಡಿಯಲ್ಲಿ ಎಲ್ಲವನ್ನೂ 'ಡ್ಯಾಂಪಿಂಗ್' ಅಂತಲೇ ಕರೆಯುತ್ತಾರೆ. ಗೊಂದಲ ಹುಟ್ಟುವುದೇ ಅಲ್ಲಿ.

ನಿಜವಾದ ಡ್ಯಾಂಪಿಂಗ್ ಶೀಟ್ ಅಂದರೆ ಬ್ಯುಟೈಲ್ ರಬ್ಬರ್, ಅದರ ಮೇಲೆ ಅಲ್ಯೂಮಿನಿಯಂ ಹಾಳೆ. ದಪ್ಪ ಸುಮಾರು 2 ಮಿ.ಮೀ. ತಗಡು ನಡುಗಿದಾಗ ಮೇಲಿನ ಹಾಳೆ ಜಗ್ಗುವುದಿಲ್ಲ, ನಡುವಿನ ರಬ್ಬರ್ ಹಿಂಜಿಕೊಳ್ಳುತ್ತದೆ, ನಡುಕ ಕೊಂಚ ಶಾಖವಾಗಿ ಕರಗುತ್ತದೆ. ಅಷ್ಟೇ ಅದರ ಕೆಲಸ. ಹೊರಗಿನ ಹಾರ್ನ್ ತಡೆಯುವುದು ಅದರ ಕೆಲಸವಲ್ಲ. ದೇವಸ್ಥಾನದ ಜಾಗಟೆ ನೆನಪಿಸಿಕೊಳ್ಳಿ. ಹೊಡೆದ ಮೇಲೆ ಒಂದು ಬೆರಳು ಇಟ್ಟರೂ ಗುಂಯ್‌ಗುಡುವುದು ನಿಲ್ಲುತ್ತದೆ, ಇಡೀ ಜಾಗಟೆಯನ್ನು ಅಂಗೈಯಲ್ಲಿ ಮುಚ್ಚಬೇಕಿಲ್ಲ. ತಗಡೂ ಹಾಗೇ. ನಡುಭಾಗದಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗ ಮುಚ್ಚಿದರೆ ಬಹುಪಾಲು ಲಾಭ ಸಿಕ್ಕಿತು. ಗೆಣ್ಣಿನಿಂದ ತಟ್ಟಿ ನೋಡಿ: ಬರೀ ತಗಡು 'ಡಂಯ್' ಅನ್ನುತ್ತದೆ, ಶೀಟ್ ಹಾಕಿದ್ದು 'ಟಕ್' ಅನ್ನುತ್ತದೆ. 'ಟಕ್' ಬಂದ ಮೇಲೆ ಇನ್ನೊಂದು ಪದರ ಹಾಕಿದರೆ ಸುಮ್ನೆ ಭಾರ.

ಅಂಟಿಸುವ ಮೊದಲು ತಗಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಹಾಳೆಯ ಮೇಲಿನ ಉಬ್ಬು ಚಿತ್ತಾರ ಚಪ್ಪಟೆಯಾಗುವ ತನಕ ರೋಲರ್ ಒತ್ತಿ. ತಾರಸಿ ಸೋರದಿರಲು ಹಾಕುವ ಡಾಂಬರು ಶೀಟ್ ಬೇಡ. ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನಲ್ಲಿ ಅದು ಮೆತ್ತಗಾಗಿ ನಾರುತ್ತದೆ.

ಎರಡನೆಯದು ಫೋಮ್. ಇದು ಸದ್ದನ್ನು ಹೀರುತ್ತದೆ, ಆದರೆ ಕೀಚಲು ಸದ್ದನ್ನು ಮಾತ್ರ. ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅಂತ; ಅಂಕಿ ಕಮ್ಮಿಯಾದಷ್ಟು ಸ್ವರ ದಪ್ಪ. 1000 ಹರ್ಟ್ಸ್ ಅಲೆಯ ಉದ್ದ 34 ಸೆ.ಮೀ., 100 ಹರ್ಟ್ಸ್ ಅಲೆಯದು 3.4 ಮೀಟರ್. ಚೆನ್ನಾಗಿ ಹೀರಲು ಫೋಮಿನ ದಪ್ಪ ಅಲೆಯ ಕಾಲು ಭಾಗದ ಹತ್ತಿರ ಇರಬೇಕು. 10 ಮಿ.ಮೀ. ಫೋಮ್ ಟೈರಿನ ಮೊರೆತಕ್ಕೆ ಏನು ಮಾಡೀತು, ನೀವೇ ಲೆಕ್ಕ ಹಾಕಿ.

ಮೂರನೆಯದು ಭಾರದ ತಡೆ, ಅಂದರೆ ವಿನೈಲ್ ಹಾಸು. ಇದಕ್ಕೆ ತೂಕವೇ ಬಲ. ತೂಕ ಎರಡರಷ್ಟಾದರೆ ಲೆಕ್ಕದ ಪ್ರಕಾರ 6 ಡೆಸಿಬೆಲ್ ಹೆಚ್ಚು ತಡೆಯುತ್ತದೆ. ಸಾಮಾನ್ಯವಾಗಿ ಚದರ ಮೀಟರಿಗೆ 5 ಕೆ.ಜಿ. ತೂಗುತ್ತದೆ. ನೆಲದ ಮೇಲೆ, ಕೆಳಗೆ ತೆಳು ಫೋಮ್ ಇಟ್ಟು ಹಾಸಬೇಕು, ತಗಡಿಗೆ ನೇರ ತಾಗಬಾರದು. ನನ್ನ ಟೈರ್ ಮೊರೆತಕ್ಕೆ ಬೇಕಿದ್ದದ್ದು ಇದು. ಅದರ ಜೊತೆಗೆ, ನಿಜ ಹೇಳಬೇಕೆಂದರೆ, ಗಟ್ಟಿಯಾಗಿ ಹೋಗಿದ್ದ ಹಳೇ ಟೈರ್ ಬದಲಿಸಬೇಕಿತ್ತು.

ಮೊಬೈಲ್ ಆ್ಯಪ್‌ನಲ್ಲಿ ಅಳೆದು "ಏನೂ ಕಮ್ಮಿ ಆಗಿಲ್ಲ" ಅಂತ ಬೇಜಾರಾಗುವವರಿಗೆ ಒಂದು ಮಾತು. ಹೆಚ್ಚಿನ ಆ್ಯಪ್‌ಗಳು 'ಎ' ತೂಕದಲ್ಲಿ (ಎ-ವೇಟಿಂಗ್), ಅಂದರೆ ನಮ್ಮ ಕಿವಿಯ ಹಾಗೆ ದಪ್ಪ ಸ್ವರಕ್ಕೆ ಕಮ್ಮಿ ಬೆಲೆ ಕೊಟ್ಟು ಅಳೆಯುತ್ತವೆ. ಆ ಲೆಕ್ಕದಲ್ಲಿ 100 ಹರ್ಟ್ಸ್ ಸದ್ದು 19 ಡೆಸಿಬೆಲ್, 50 ಹರ್ಟ್ಸ್ ಸದ್ದು 30 ಡೆಸಿಬೆಲ್ ಕಡಿಮೆ ತೋರುತ್ತದೆ. ನೆಲದ ಗುಮ್ಮೆನ್ನುವ ಸದ್ದು ಅರ್ಧ ಹೋಗಿದ್ದರೂ ಅಂಕಿ ಅಲುಗಾಡದೆ ಇರಬಹುದು. ಸೆಟ್ಟಿಂಗ್‌ನಲ್ಲಿ, ದಪ್ಪ ಸ್ವರವನ್ನು ಅಷ್ಟಾಗಿ ತಗ್ಗಿಸದ 'ಸಿ' ಇದ್ದರೆ ಎರಡರಲ್ಲೂ ಅಳೆಯಿರಿ.

ಹಾಡಿನ ಕಡೆ

ವಾಟ್ ಎರಡರಷ್ಟು ಮಾಡಿದರೆ ಸಿಗುವುದು 3 ಡೆಸಿಬೆಲ್ ಅಷ್ಟೇ. ಕಿವಿಗೆ ಎರಡರಷ್ಟು ಜೋರು ಅನಿಸಲು ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತರಷ್ಟು ವಾಟ್. ಅದೇ ನೆಲದ ಸದ್ದು 3 ಡೆಸಿಬೆಲ್ ಇಳಿದರೆ, ಹಾಡಿಗೂ ಸದ್ದಿಗೂ ಇರುವ ಅಂತರದ ಮಟ್ಟಿಗೆ, ಆಂಪ್ಲಿಫೈಯರಿನ ವಾಟ್ ಎರಡರಷ್ಟಾದ ಹಾಗೆ. ಟೈರಿನ ಮೊರೆತ ಮೊದಲು ನುಂಗುವುದು ಮೃದಂಗದ ತೊಪ್ಪಿಯ ನಾದವನ್ನು. ಅದು ಕೇಳಿಸದೆ ನಾವು ಬೇಸ್ ತಿರುಗಿಸುತ್ತೇವೆ, ಸ್ಪೀಕರ್ ಒದರುತ್ತದೆ.

ಸ್ಪೀಕರಿಗೆ ಬಾಗಿಲೇ ಪೆಟ್ಟಿಗೆ. ಪ್ಯಾಡ್ ಬಿಚ್ಚಿದರೆ ಒಳತಗಡಿನಲ್ಲಿ ಕೈ ತೂರುವಷ್ಟು ದೊಡ್ಡ ತೂತುಗಳಿರುತ್ತವೆ. ಸ್ಪೀಕರಿನಲ್ಲಿ ನಡುಗುವ ಕೋನಿನ ಹಿಂದಿನ ಅಲೆ ಅಲ್ಲಿಂದ ನುಸುಳಿ ಬಂದು ಮುಂದಿನ ಅಲೆಯನ್ನು ಅಳಿಸುತ್ತದೆ, ಬೇಸ್ ಸತ್ತುಹೋಗುತ್ತದೆ. ಅವನ್ನು ಮುಚ್ಚಿದರೆ ಬರುವ ವ್ಯತ್ಯಾಸ ಹೊಸ ಸ್ಪೀಕರಿಗಿಂತ ಜಾಸ್ತಿ ಅಂತ ನನ್ನ ಅನುಭವ.

ಆದರೆ ಮುಚ್ಚಬಾರದ ತೂತುಗಳೂ ಇವೆ. ಉತ್ಸಾಹದಲ್ಲಿ ನಾನು ಬಾಗಿಲ ತಳದ ಸಣ್ಣ ತೂತುಗಳಿಗೂ ಶೀಟ್ ಅಂಟಿಸಿಬಿಟ್ಟೆ. ಗಾಜಿನ ಪಕ್ಕದಿಂದ ಮಳೆನೀರು ಬಾಗಿಲೊಳಗೆ ಇಳಿಯುವುದು ಮಾಮೂಲು. ಆ ತೂತುಗಳಿರುವುದೇ ನೀರು ಹೊರಹೋಗಲಿ ಅಂತ. ಮಳೆಯಾದ ಮಾರನೇ ದಿನ ಸಿಗ್ನಲ್‌ನಲ್ಲಿ ಬ್ರೇಕ್ ಹಾಕಿದಾಗೆಲ್ಲ ಬಾಗಿಲೊಳಗೆ 'ಜುಳುಕ್' ಅನ್ನುತ್ತಿತ್ತು. ಪಕ್ಕದಲ್ಲಿದ್ದ ಅಮ್ಮ, "ಏನೋ ಇದು, ಒಳಗೆ ಬಿಂದಿಗೆ ಇಟ್ಟಿದ್ದೀಯಾ?" ಅಂದರು.

ಉಳಿದದ್ದು ಬೇಗ ಹೇಳುತ್ತೇನೆ. ಬಾಗಿಲ ಸ್ಪೀಕರಿಗೆ 80 ಹರ್ಟ್ಸ್ ಹತ್ತಿರ ಹೈಪಾಸ್ (ಅದಕ್ಕಿಂತ ಕೆಳಗಿನ ಸ್ವರ ತಡೆಯುವ ಫಿಲ್ಟರ್) ಇಡಿ, ಕೆಳಗಿನದನ್ನು ದಪ್ಪ ಸ್ವರಕ್ಕೆಂದೇ ಇರುವ ಸಬ್‌ವೂಫರ್ ನೋಡಿಕೊಳ್ಳಲಿ. ಎಂಜಿನ್ ರೇಸ್ ಮಾಡಿದ ಹಾಗೆಲ್ಲ ಸ್ಪೀಕರಿನಲ್ಲಿ ಕುಯ್ ಸದ್ದು ಏರಿದರೆ ಅದು ಆಲ್ಟರ್ನೇಟರಿನದು, ಅರ್ಥಿಂಗ್ ನೋಡಿ. ಬಲಗಡೆ ಕೂರುವ ನಮಗೆ ಬಲ ಸ್ಪೀಕರ್ ಹತ್ತಿರ, ಅದರ ಸದ್ದು ಮೊದಲು ಬಂದು ಹಾಡೆಲ್ಲ ಆ ಬಾಗಿಲಿಂದಲೇ ಬಂದ ಹಾಗೆ ಅನಿಸುತ್ತದೆ. ಟೇಪ್ ಹಿಡಿದು ಅಳೆಯಿರಿ. ಬಲಕ್ಕೆ 90, ಎಡಕ್ಕೆ 130 ಸೆ.ಮೀ. ಇದ್ದರೆ ವ್ಯತ್ಯಾಸ 40. ಸದ್ದು ಒಂದು ಮಿಲಿಸೆಕೆಂಡಿಗೆ 34 ಸೆ.ಮೀ. ಹೋಗುತ್ತದೆ, ಹಾಗಾಗಿ ಸ್ಟೀರಿಯೋ ಸೆಟ್ಟಿಂಗ್‌ನಲ್ಲಿ ಬಲ ಸ್ಪೀಕರನ್ನು 1.2 ಮಿಲಿಸೆಕೆಂಡ್ ತಡ ಮಾಡಿ. ಬಾಗಿಲಲ್ಲಿದ್ದ ಗಾಯಕಿ ಡ್ಯಾಶ್‌ಬೋರ್ಡಿನ ನಡುವೆ ಬಂದು ಕೂರುತ್ತಾಳೆ.

ಕೊನೆಗೆ ಗಿರಗುಟ್ಟುವ ಸದ್ದು ಹಿಡಿಯುವ ಉಪಾಯ. ಕಾರು ನಿಲ್ಲಿಸಿ, 30ರಿಂದ 200 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಸ್ವರ ಹಾಕಿ. ಒಬ್ಬರು ಒಳಗೆ ಕೂರಲಿ, ಇನ್ನೊಬ್ಬರು ಹೊರಗಿನಿಂದ ಒಂದೊಂದೇ ಜಾಗ ಒತ್ತುತ್ತಾ ಬರಲಿ. ನಾನು ಎರಡು ವಾರ ಡಿಕ್ಕಿಯ ಪ್ಯಾಡ್ ಬಿಚ್ಚಿ ಹುಡುಕಿದ ಸದ್ದು ಹಿಂದಿನ ನಂಬರ್ ಪ್ಲೇಟಿನದಾಗಿತ್ತು. ಎರಡು ತುಂಡು ಫೋಮ್ ಟೇಪ್‌ಗೆ ನಿಂತುಹೋಯಿತು.