ಒಣಗಿದ ಹೊಂಬಾಳೆಯನ್ನು ಕಡಿಯಬೇಡಿ

ಎಣ್ಣೆ ತಾಳೆಯ ಸಣ್ಣ ತೋಟವನ್ನು ಪ್ರಕೃತಿ ಉದ್ಯಾನ ಮಾಡಹೊರಟವರಿಗೆ ಮೊದಲು ಹಿಡಿಯುವ ಹುಚ್ಚು ಸ್ವಚ್ಛತೆಯದು. ಬಿದ್ದ ಗರಿಗಳನ್ನು ಸಾಗಿಸುತ್ತಾರೆ, ಕಾಂಡದ ಮೇಲಿನ ಜರೀಗಿಡಗಳನ್ನು ಕೆರೆದು ತೆಗೆಯುತ್ತಾರೆ, ಕಪ್ಪಾದ ಹೊಂಬಾಳೆಗಳನ್ನು ಕಡಿದು ಸುಡುತ್ತಾರೆ, ಸಾಲುಗಳ ನಡುವೆ ಹುಲ್ಲುಹಾಸು ಬೆಳೆಸುತ್ತಾರೆ. ಅಂದವೇನೋ ಬರುತ್ತದೆ. ಆದರೆ ಅಲ್ಲಿ ನೋಡಲು ಇದ್ದ ಪ್ರಕೃತಿಯೆಲ್ಲ ಆ ಕಸದ ಜೊತೆಗೇ ಹೋಗಿರುತ್ತದೆ.

ಈ ಮರದ ತವರು ಪಶ್ಚಿಮ ಆಫ್ರಿಕಾ. 1848ರಲ್ಲಿ ನಾಲ್ಕು ಸಸಿಗಳು ಜಾವಾದ ಬೋಗೋರ್ ಸಸ್ಯೋದ್ಯಾನಕ್ಕೆ ಬಂದವು. ಆಗ್ನೇಯ ಏಷ್ಯಾದ ತೋಟಗಾರಿಕೆಗೆ ಅವುಗಳ ಸಂತತಿಯೇ ಬುನಾದಿಯಾಯಿತು. 1917ರಲ್ಲಿ ಮಲಯದ (ಇಂದಿನ ಮಲೇಷ್ಯಾದ) ಸೆಲಂಗೋರ್‌ನಲ್ಲಿ ಆ ನಾಡಿನ ಮೊದಲ ವಾಣಿಜ್ಯ ತೋಟ ಎದ್ದಿತು. ಮರ ಬಂತು, ಮರದ ನೆಂಟರು ಬರಲಿಲ್ಲ. ಪರಾಗವನ್ನು ಗಾಳಿಯೇ ಒಯ್ಯುತ್ತದೆ ಎಂಬುದು ಅಂದಿನ ನಂಬಿಕೆ. ಗಾಳಿಯೋ ಆ ಕೆಲಸವನ್ನು ಸರಿಯಾಗಿ ಮಾಡಲಿಲ್ಲ. ಮಲೇಷ್ಯಾದಲ್ಲಿ ಕಾರ್ಮಿಕರು ಮರದಿಂದ ಮರಕ್ಕೆ ನಡೆದು ಕೈಯಾರೆ ಪರಾಗ ಸಿಂಪಡಿಸಬೇಕಾಯಿತು. ಪಾಕಿಸ್ತಾನದ ಕೀಟವಿಜ್ಞಾನಿ ರಹಮಾನ್ ಸೈಯದ್ ಕ್ಯಾಮರೂನ್‌ನಲ್ಲಿ ಅಧ್ಯಯನ ನಡೆಸಿ, ನಿಜವಾದ ಕೆಲಸಗಾರ ಒಂದು ಮೂತಿಹುಳು (ಉದ್ದ ಮೂತಿಯ ಪುಟ್ಟ ಜೀರುಂಡೆ) ಎಂದು ತೋರಿಸಿಕೊಟ್ಟರು. 1981ರಲ್ಲಿ ಅದನ್ನು ಮಲೇಷ್ಯಾದ ತೋಟಗಳಿಗೆ ಬಿಟ್ಟ ಮೇಲೆ ಕೈಪರಾಗದ ಕೂಲಿ ನಿಂತೇಹೋಯಿತು.

ಎಲೇಯಿಡೋಬಿಯಸ್ ಕ್ಯಾಮರೂನಿಕಸ್ ಎಂಬ ಈ ಹುಳುವಿನ ಉದ್ದ ಮೂರ್ನಾಲ್ಕು ಮಿಲಿಮೀಟರ್. ಒಂದೇ ತಾಳೆಮರ ಕೆಲಕಾಲ ಗಂಡು ಹೊಂಬಾಳೆ, ಕೆಲಕಾಲ ಹೆಣ್ಣು ಹೊಂಬಾಳೆ ಬಿಡುತ್ತದೆ; ಹಾಗಾಗಿ ಪರಾಗ ಸಾಮಾನ್ಯವಾಗಿ ಬೇರೆ ಮರದಿಂದಲೇ ಬರಬೇಕು. ಗಂಡು ಹೂವು ಅರಳಿದಾಗ ಸೋಂಪಿನಂಥ ಘಾಟು ಹರಡುತ್ತದೆ. ಸಾವಿರಾರು ಹುಳುಗಳು ಮುತ್ತಿ ಹೂವನ್ನು ಮೇಯುತ್ತವೆ, ಅಲ್ಲೇ ಕೂಡುತ್ತವೆ, ಮೊಟ್ಟೆಯಿಡುತ್ತವೆ. ಹೆಣ್ಣು ಹೂವೂ ಅದೇ ವಾಸನೆಯನ್ನು ಆಗಾಗ, ತೆಳುವಾಗಿ ಬಿಡುತ್ತದೆ. ಮೈತುಂಬ ಪರಾಗ ಹೊತ್ತ ಹುಳು ಮೋಸಹೋಗಿ ಅಲ್ಲಿಗೆ ಹಾರುತ್ತದೆ. ಊಟದ ಪರಿಮಳ ಬೀರಿ ಕರೆದು, ಬರಿ ಎಲೆಯ ಮುಂದೆ ಕೂರಿಸಿ ಕಳಿಸುವ ಮನೆ ಅದು: ಮೊಟ್ಟೆಯಿಡಲು ತಾವಿಲ್ಲ, ಮರಿಗಳಿಗೆ ಮೇವಿಲ್ಲ. ಹುಳು ಹಿಂದಿರುಗುವಷ್ಟರಲ್ಲಿ ಪರಾಗವಷ್ಟೇ ಅಲ್ಲಿ ಉಳಿದಿರುತ್ತದೆ. ಅತ್ತ ಮರಿಗಳು ಕಪ್ಪಾಗಿ ಕೊಳೆಯುವ ಗಂಡು ಹೂಗಳನ್ನು ತಿಂದು ಬೆಳೆದು, ಸುಮಾರು ಎರಡು ವಾರದೊಳಗೆ ಹುಳುಗಳಾಗಿ ಹೊರಬರುತ್ತವೆ. ಕಸವೆಂದು ಕಡಿದು ಸುಡುವ ಆ ಹೊಂಬಾಳೆಯೇ ಮುಂದಿನ ಫಸಲಿನ ತೊಟ್ಟಿಲು. ಅಂದಕ್ಕೆಂದು ಹಸಿರು ಗರಿಗಳನ್ನು ಅತಿಯಾಗಿ ಸವರಿದರಂತೂ ಮರ ಸೊರಗಿ ಗಂಡು ಹೊಂಬಾಳೆಗಳನ್ನೇ ಹೆಚ್ಚು ಬಿಡುತ್ತದೆ. ಆಗ ಹುಳು ಯಥೇಚ್ಛ, ಗೊನೆ ಕಡಿಮೆ.

ಇಲಿಗಳಿಗೆ ಈ ಹುಳುಮರಿಗಳೆಂದರೆ ಇಷ್ಟ. ಮಾಗಿದ ಹಣ್ಣೂ ಇಷ್ಟ. ವಿಷವಿಟ್ಟರೆ ವಿಷ ತಿಂದ ಇಲಿಯನ್ನು ತಿಂದ ಗೂಬೆಯೂ ಸಾಯಬಹುದು. ಮಲೇಷ್ಯಾದ ತೋಟಗಳಲ್ಲಿ ಕಂಬದ ಮೇಲೆ ಪೆಟ್ಟಿಗೆ ಕಟ್ಟಿ ಕಣಜ ಗೂಬೆಗಳನ್ನು (ಬಾರ್ನ್ ಔಲ್) ನೆಲೆಗೊಳಿಸಿದ್ದಾರೆ. ಗೂಬೆ ಕೂತರೆ ಕೇಡು ಎನ್ನುವವರು ಇಲಿಗಳನ್ನು ಕೇಳಿ ನೋಡಬಹುದು! ಎಲೆ ತಿನ್ನುವ ಹುಳುಗಳಿಗೆ ವೈರಿಗಳಾದ ಪರಾವಲಂಬಿ ಕಣಜಹುಳುಗಳಿಗೆ ಮಕರಂದ ಬೇಕು. ಅದಕ್ಕಾಗಿ ದಾರಿಯಂಚಿನಲ್ಲಿ ಟರ್ನೆರಾದಂಥ ಹೂಗಿಡಗಳನ್ನು ನೆಡುತ್ತಾರೆ. ಗರಿ ಕಡಿದ ಮೇಲೂ ವರ್ಷಗಟ್ಟಲೆ ಕಾಂಡಕ್ಕಂಟಿರುವ ತೊಟ್ಟಿನ ಬುಡಗಳಲ್ಲಿ ದೂಳು, ತರಗೆಲೆ ಸೇರಿ ಮಣ್ಣಾಗಿ, ಜರೀಗಿಡಗಳು ಬೇರೂರುತ್ತವೆ.

ಇಷ್ಟಾದರೂ ಇದು ಕಾಡಲ್ಲ. ಹಸಿರಾಗಿದೆ ಎಂದಮಾತ್ರಕ್ಕೆ ತಾಳೆತೋಟವನ್ನು ಕಾಡೆಂದು ಕರೆಯುವುದು, ತಾಳೆ ಎಂಬ ಮರವೇ ಪಿಶಾಚಿ ಎನ್ನುವುದು, ಎರಡೂ ಸೋಮಾರಿತನದ ಮಾತು. ಕಾಡು ಕಡಿದು ನೆಟ್ಟದ್ದು ಮನುಷ್ಯ. ಮರವಾದರೋ ಹೆಕ್ಟೇರಿಗೆ ಸೋಯಾಬೀನಿನ ಹಲವು ಪಟ್ಟು ಎಣ್ಣೆ ಕೊಡುತ್ತದೆ. ಇಂಡೋನೇಷ್ಯಾದ ಜಾಂಬಿ ಪ್ರಾಂತ್ಯದ ತೋಟವೊಂದರಲ್ಲಿ 2013ರಲ್ಲಿ ಕೆಲವು ತಾಳೆಗಳನ್ನು ತೆಗೆದು 52 ಪುಟ್ಟ ಮರದ್ವೀಪಗಳನ್ನು ಮಾಡಿದರು. ಹೆಚ್ಚಿನವುಗಳಲ್ಲಿ ಸ್ಥಳೀಯ ಮರಗಳನ್ನು ನೆಟ್ಟರು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಜೀವವೈವಿಧ್ಯ ಏರಿತು, ತೋಟದ ಒಟ್ಟು ಇಳುವರಿ ಕುಸಿಯಲಿಲ್ಲ. ದ್ವೀಪ ದೊಡ್ಡದಾದಷ್ಟೂ ಜೀವವೈವಿಧ್ಯಕ್ಕೆ ಲಾಭ ಹೆಚ್ಚು. ಆದ್ದರಿಂದ ಸಣ್ಣ ತೋಟದವರು ಅಲ್ಲೊಂದು ಇಲ್ಲೊಂದು ಗಿಡ ನೆಡುವ ಬದಲು ಒಂದು ಮೂಲೆಯನ್ನು ಪೂರ್ತಿ ಬಿಟ್ಟುಕೊಡುವುದು ಜಾಣತನ.

ಸಂದರ್ಶಕರ ದಿನಗಳನ್ನು ಕೊಯ್ಲು ನೋಡಿಕೊಂಡು ಗೊತ್ತುಮಾಡಬೇಕು. ಹತ್ತು ಹದಿನೈದು ದಿನಕ್ಕೊಮ್ಮೆ ಗೊನೆ ಇಳಿಸುವಾಗ ಮರದಡಿ ಯಾರೂ ಇರಕೂಡದು. ಬೆಳೆದ ಮರದ ಗೊನೆ ಇಪ್ಪತ್ತು ಕಿಲೋ ತೂಗುತ್ತದೆ, ಮುಳ್ಳೂ ಇರುತ್ತದೆ. ಕಡಿದ ಗೊನೆ 24 ಗಂಟೆಯೊಳಗೆ ಗಿರಣಿ ಸೇರದಿದ್ದರೆ ಹಣ್ಣಿನೊಳಗಿನ ಕಿಣ್ವವೇ ಎಣ್ಣೆಯನ್ನು ಒಡೆದು ಹುಳಿಯಾಗಿಸುತ್ತದೆ. ಅಂದು ತೋಟದ ದಾರಿ ಗಾಡಿಗಳದ್ದು.