ಧನುರ್ಮಾಸದ ಮದುವೆ, ಏಪ್ರಿಲ್‌ನ ಲೆಕ್ಕ

"ಸರ್, ಡಿಸೆಂಬರ್‌ನಲ್ಲಿ ಆಗಿದ್ದು ಬರೀ ರಿಜಿಸ್ಟರ್ ಮದುವೆ. ಧಾರೆ ಆಗಿದ್ದು ಫೆಬ್ರವರಿಯಲ್ಲಿ. ಅದಕ್ಕೇ ಅಮೆರಿಕದ ತೆರಿಗೆ ರಿಟರ್ನ್‌ನಲ್ಲಿ ಸಿಂಗಲ್ ಅಂತ ಹಾಕಿ ಕಳಿಸಿದೆ."

ನ್ಯೂಜೆರ್ಸಿಯಲ್ಲಿ ಎಚ್-1ಬಿ ಕೆಲಸದ ವೀಸಾ ಮೇಲೆ ಇರುವ ಮೈಸೂರಿನ ಹುಡುಗ. ಹೆಂಡತಿಯ ವೀಸಾಗೆ ಬೇಕು ಅಂತ 2025ರ ಡಿಸೆಂಬರ್ 26ಕ್ಕೆ ರಿಜಿಸ್ಟ್ರಾರ್ ಮುಂದೆ ಸಹಿ ಹಾಕಿದ್ದ. ಧನುರ್ಮಾಸ ಅಂತ ಹಿರಿಯರು ಶಾಸ್ತ್ರವನ್ನು ಮುಂದಕ್ಕೆ ಹಾಕಿದ್ದರು. ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ಪಂಚಾಂಗ ನೋಡುವುದಿಲ್ಲ. ಡಿಸೆಂಬರ್ 31ರಂದು ಕಾನೂನಿನ ಪ್ರಕಾರ ಮದುವೆ ಆಗಿದೆಯಾ ಅಂತ ಮಾತ್ರ ಕೇಳುತ್ತದೆ. ಆಗಿದ್ದರೆ ಇಡೀ ವರ್ಷಕ್ಕೆ ನೀವು ವಿವಾಹಿತರು. ಹೆಂಡತಿ ಇನ್ನೂ ಮೈಸೂರಿನಲ್ಲೇ ಇದ್ದರೂ ಅಷ್ಟೇ.

ಈ ಗೊಂದಲ ನಮ್ಮವರಿಗೆ ಸಹಜ. ಭಾರತದಲ್ಲಿ ಗಂಡ ಹೆಂಡತಿಗೆ ಜಂಟಿ ರಿಟರ್ನ್ ಅನ್ನುವುದೇ ಇಲ್ಲ. ಅವರವರ ಪ್ಯಾನ್, ಅವರವರ ಲೆಕ್ಕ. ಇಲ್ಲಿ ರಿಟರ್ನ್ ತುಂಬುವ ಫಾರಂ 1040ರ ತಲೆಯಲ್ಲೇ ಮದುವೆ, ಕುಟುಂಬದ ಸ್ಥಿತಿ ಕೇಳುವ ಐದು ಚೌಕ. ಒಬ್ಬರು 'ಹೆಡ್ ಆಫ್ ಹೌಸ್‌ಹೋಲ್ಡ್'ಗೆ ಟಿಕ್ ಹಾಕಿ, "ಮನೆ ಯಜಮಾನ ನಾನೇ ಅಲ್ವಾ?" ಅಂದಿದ್ದರು! ಅದಕ್ಕೆ ಸಾಮಾನ್ಯವಾಗಿ ಜೊತೆಯಲ್ಲಿ ವಾಸವಿರುವ ಮಗುವೋ ಬೇರೆ ಅವಲಂಬಿತರೋ ಇರಬೇಕು. ಹೆಂಡತಿಯನ್ನು ಆ ಲೆಕ್ಕಕ್ಕೆ ಸೇರಿಸುವ ಹಾಗಿಲ್ಲ.

ನಮ್ಮ ಹುಡುಗನಿಗೆ ಉಳಿದದ್ದು ಎರಡೇ ದಾರಿ, ಜಂಟಿ ಅಥವಾ ಪ್ರತ್ಯೇಕ. ಸಂಬಳ 1,10,000 ಡಾಲರ್ ಅಂದುಕೊಳ್ಳಿ. 2025ಕ್ಕೆ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಹಾಕುವ ಮುಂಚೆ ಆದಾಯದಿಂದ ಕಳೆಯುವ ನಿಗದಿತ ಮೊತ್ತ) ಪ್ರತ್ಯೇಕಕ್ಕೆ 15,750, ಜಂಟಿಗೆ 31,500. ಪ್ರತ್ಯೇಕ ಸಲ್ಲಿಸಿದರೆ ಫೆಡರಲ್ ತೆರಿಗೆ ಸುಮಾರು 15,650 ಡಾಲರ್. ಹೆಂಡತಿಗೆ ಆದಾಯ ಇಲ್ಲದಿದ್ದರೆ ಜಂಟಿಯಲ್ಲಿ ಅದು ಸುಮಾರು 8,950ಕ್ಕೆ ಇಳಿಯುತ್ತದೆ. 6,700 ಡಾಲರ್ ಸುಮ್ನೆ ಬಿಡುವ ದುಡ್ಡಲ್ಲ.

ಆದರೆ ಭಾರತದಲ್ಲಿರುವ ಹೆಂಡತಿಯನ್ನು ಜಂಟಿಗೆ ಸೇರಿಸಬೇಕಾದರೆ, ಅವರನ್ನೂ ಇಡೀ ವರ್ಷಕ್ಕೆ ಅಮೆರಿಕದ ನಿವಾಸಿ ಅಂತ ಪರಿಗಣಿಸಿ ಎಂದು ಇಬ್ಬರೂ ಸಹಿ ಮಾಡಿದ ಪತ್ರ ಲಗತ್ತಿಸಬೇಕು. ಅಲ್ಲಿಗೆ ಇಬ್ಬರ ಜಗತ್ತಿನ ಎಲ್ಲ ಆದಾಯವೂ ಇಲ್ಲಿ ತೋರಿಸಬೇಕಾಗುತ್ತದೆ. ಭಾರತದಲ್ಲಿ ಕಟ್ಟಿದ ತೆರಿಗೆಗೆ ಕ್ರೆಡಿಟ್ ಸಿಗಬಹುದು, ನಿಜ. ಈ ಆಯ್ಕೆ ಮುಂದಿನ ವರ್ಷಗಳಿಗೂ ಅಂಟಿಕೊಳ್ಳುತ್ತದೆ. ಒಮ್ಮೆ ವಾಪಸ್ ಪಡೆದರೆ ಇಬ್ಬರಿಗೂ ಮತ್ತೆ ಸಿಗುವುದಿಲ್ಲ. ಹೆಂಡತಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೆ ಡಬ್ಲ್ಯು-7 ಅರ್ಜಿ ಹಾಕಿ ಐಟಿಐಎನ್ ಎಂಬ ತೆರಿಗೆ ಸಂಖ್ಯೆ ಕೇಳಬೇಕು. ಅದಕ್ಕೆ ನೋಟರಿ ಮಾಡಿಸಿದ ಪಾಸ್‌ಪೋರ್ಟ್ ಝೆರಾಕ್ಸ್ ನಡೆಯಲ್ಲ.

ಈಗಾಗಲೇ ಕಳಿಸಿದ ರಿಟರ್ನ್ ಬದಲಿಸೋಕೆ 1040-ಎಕ್ಸ್ ಇದೆ. ಪ್ರತ್ಯೇಕದಿಂದ ಜಂಟಿಗೆ ಬರಲು ಮೂಲ ಗಡುವಿನಿಂದ ಮೂರು ವರ್ಷ ಸಮಯ. 2025ರ ರಿಟರ್ನ್‌ಗೆ ಅಂದರೆ 2029ರ ಏಪ್ರಿಲ್ ಮಧ್ಯದವರೆಗೆ. ಜಂಟಿಯಿಂದ ಪ್ರತ್ಯೇಕಕ್ಕೆ ಹೋಗುವುದು ಮಾತ್ರ ಗಡುವು ದಾಟಿದ ಮೇಲೆ ಸಾಧ್ಯವಿಲ್ಲ. ಜಂಟಿಯಲ್ಲಿ ಒಬ್ಬರು ಮುಚ್ಚಿಟ್ಟ ಆದಾಯದ ಬಾಕಿಗೂ ಇಬ್ಬರೂ ಹೊಣೆ. ಅದಕ್ಕೇ ಅನುಮಾನವಿದ್ದರೆ ಮೊದಲು ಪ್ರತ್ಯೇಕ ಹಾಕಿ ಅನ್ನುತ್ತೇನೆ. ಜಾಸ್ತಿ ಕಟ್ಟಿದ್ದು ಆಮೇಲೆ ವಾಪಸ್ ಕೇಳಬಹುದು.

ಹುಡುಗನಿಗೆ ಜಂಟಿಯೇ ಬೇಕಿತ್ತು. "ಹೆಂಡತಿಗೆ ಏನೂ ಆದಾಯ ಇಲ್ಲ ಸರ್" ಅಂದ. ಒಮ್ಮೆ ಅವರನ್ನೇ ಕೇಳಿ ನೋಡಿ ಅಂದೆ. ಮಾರನೇ ದಿನ ಫೋನ್ ಬಂತು. ಮಾವ ಮಗಳ ಹೆಸರಿನಲ್ಲಿ ನಾಲ್ಕು ಎಫ್‌ಡಿ ಇಟ್ಟಿದ್ದರಂತೆ. ಜೊತೆಗೆ ಕುವೆಂಪುನಗರದ ಮನೆಯ ಬಾಡಿಗೆಯೂ ಅವಳ ಖಾತೆಗೇ ಬರುತ್ತಂತೆ.