ಹೆಸರು ಅದೇ, ಚಿಪ್ ಅದಲ್ಲ

ಬಟನ್ ಬಿಟ್ಟ ಮೇಲೂ ಅದಕ್ಕೆ ಜೋಡಿಸಿದ ಚಿಪ್‌ನ ಪಿನ್ ಒತ್ತಿದ ಹಾಗೇ ತೋರಿಸುತ್ತಿದ್ದರೆ ನಾವು ಮೊದಲು ಬೈಯುವುದು ನಮ್ಮ ಕೋಡನ್ನೇ, ಅಲ್ವಾ? ಚಿಪ್ ತಪ್ಪು ಮಾಡುವುದಿಲ್ಲ ಅನ್ನುವುದೂ ಒಂಥರಾ ಮೂಢನಂಬಿಕೆ. 2024ರ ಆಗಸ್ಟ್‌ನಲ್ಲಿ ರಾಸ್ಪ್‌ಬೆರಿ ಪೈ ಹೊರತಂದ ಆರ್‌ಪಿ2350 ಮೈಕ್ರೋಕಂಟ್ರೋಲರ್‌ನಲ್ಲಿ (ಸಾಧನಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್) ತಪ್ಪು ಸಿಲಿಕಾನ್‌ನಲ್ಲೇ ಇತ್ತು. ಎರ್ರಾಟಾ ಪಟ್ಟಿಯಲ್ಲಿ, ಅಂದರೆ ಚಿಪ್‌ನ ಗೊತ್ತಿರುವ ತಪ್ಪುಗಳ ಪಟ್ಟಿಯಲ್ಲಿ, ಅದರ ಹೆಸರು ಇ9.

ಇನ್‌ಪುಟ್ ಪಿನ್‌ಗೆ ಚಿಪ್ ಒಳಗಿನ ಪುಲ್‌ಡೌನ್ (ಪಿನ್ ಅನ್ನು ಸೊನ್ನೆಯತ್ತ ಎಳೆಯುವ ರೆಸಿಸ್ಟರ್) ಹಾಕಿದ್ದೀರಿ ಅಂದುಕೊಳ್ಳಿ. ಬಟನ್ ಒತ್ತಿದರೆ 3.3 ವೋಲ್ಟ್, ಬಿಟ್ಟರೆ ಸೊನ್ನೆ ಆಗಬೇಕು. ಎ2 ಚಿಪ್‌ನಲ್ಲಿ, ಅಂದರೆ ಮೊದಲು ಮಾರಾಟಕ್ಕೆ ಬಂದ ಆರ್‌ಪಿ2350ರಲ್ಲಿ, ಅದು ಸುಮಾರು 2.2 ವೋಲ್ಟ್‌ಗೆ ಇಳಿದು ಅಲ್ಲೇ ಕೂತುಬಿಡುತ್ತದೆ. ತಳದಲ್ಲಿ ಸಣ್ಣ ತೂತಿರುವ ತೊಟ್ಟಿಯನ್ನು ನೆನೆಸಿಕೊಳ್ಳಿ. ಮೇಲೆ ನಲ್ಲಿ ಸೋರುತ್ತಿದೆ, ತೂತಿನಿಂದ ಹೋಗುವುದಕ್ಕಿಂತ ಸೋರಿ ಬೀಳುವುದೇ ಜಾಸ್ತಿ. ಮತ್ತೆ ತೊಟ್ಟಿ ಖಾಲಿ ಆಗುವುದು ಹೇಗೆ? ಇಲ್ಲಿ ಸೋರಿಕೆ ಸುಮಾರು 120 ಮೈಕ್ರೋಆಂಪ್. ತಮಾಷೆ ಏನೆಂದರೆ ಈ ನಲ್ಲಿ ಸೋರುವುದು ನೀರು ಅರ್ಧ ಮಟ್ಟದಲ್ಲಿದ್ದಾಗ ಮಾತ್ರ, ಅಂದರೆ ವೋಲ್ಟೇಜ್ ಅತ್ತ ಒಂದೂ ಅಲ್ಲದ ಇತ್ತ ಸೊನ್ನೆಯೂ ಅಲ್ಲದ ಜಾಗದಲ್ಲಿದ್ದಾಗ. ಇಳಿಜಾರಿನಲ್ಲಿ ಉರುಳುವ ಚೆಂಡು ನಡುವಿನ ಗುಂಡಿಗೆ ಬಿದ್ದ ಹಾಗೆ. ಹೊರಗಿನಿಂದ ಪಿನ್ ಮತ್ತು ಗ್ರೌಂಡ್ ನಡುವೆ 8.2 ಕಿಲೋಓಮ್ ರೆಸಿಸ್ಟರ್ ಹಾಕಿದರೆ 2.2 ವೋಲ್ಟ್‌ನಲ್ಲಿ ಅದು ಸುಮಾರು 270 ಮೈಕ್ರೋಆಂಪ್ ಎಳೆಯುತ್ತದೆ. ಗುಂಡಿ ದಾಟಲು ಅಷ್ಟು ಸಾಕು. ಇಲ್ಲವಾದರೆ ಇನ್‌ಪುಟ್ ಬಫರನ್ನು (ಪಿನ್ ಓದುವ ಸರ್ಕ್ಯೂಟ್) ಆಫ್ ಮಾಡಿಟ್ಟು, ಓದುವ ಹೊತ್ತಿಗೆ ಮಾತ್ರ ಆನ್ ಮಾಡಬೇಕು. ಪಿನ್ ಅನ್ನು 3.3 ವೋಲ್ಟ್‌ನತ್ತ ಎಳೆಯುವ ಪುಲ್‌ಅಪ್ ಬಳಸುವವರಿಗೆ ಈ ತಲೆನೋವೇ ಇಲ್ಲ.

ಇದೇನು ಹೊಸ ಕಥೆಯಲ್ಲ. 1975ರಲ್ಲಿ ಬಂದ 6502 ಪ್ರೊಸೆಸರ್‌ನ ಮೊದಲ ಚಿಪ್‌ಗಳಲ್ಲಿ ಬಿಟ್‌ಗಳನ್ನು ಬಲಕ್ಕೆ ತಿರುಗಿಸುವ ಆರ್‌ಓಆರ್ ಆದೇಶವೇ ಕೆಲಸ ಮಾಡುತ್ತಿರಲಿಲ್ಲ, ಸರಿಯಾಗಿದ್ದು ಆಮೇಲಿನ ಚಿಪ್‌ಗಳಲ್ಲಿ. ಹೆಸರು ಮಾತ್ರ ಎರಡಕ್ಕೂ 6502.

ಎ2 ಅನ್ನುವುದೂ ಸುಮ್ನೆ ಇಟ್ಟ ಹೆಸರಲ್ಲ. ಚಿಪ್ ಲೋಕದ ವಾಡಿಕೆಯಲ್ಲಿ ಅಕ್ಷರ ಬದಲಾದರೆ ಟ್ರಾನ್ಸಿಸ್ಟರ್‌ನಿಂದ ಹಿಡಿದು ಎಲ್ಲ ಪದರಗಳ ಮಾಸ್ಕೂ (ಚಿಪ್ ಮೇಲೆ ವಿನ್ಯಾಸ ಮೂಡಿಸುವ ಅಚ್ಚು) ಹೊಸದು. ಅಂಕಿ ಮಾತ್ರ ಬದಲಾದರೆ ಮೇಲಿನ ಲೋಹದ ಪದರಗಳಲ್ಲಷ್ಟೇ ತಿದ್ದುಪಡಿ. ಗೋಡೆ ಒಡೆಯದೆ ವೈರಿಂಗ್ ಬದಲಿಸಿದ ಹಾಗೆ. ಇದಕ್ಕೆಂದೇ ಡಿಸೈನರ್‌ಗಳು ಯಾವುದಕ್ಕೂ ಜೋಡಿಸದ ಕೆಲವು ಗೇಟ್‌ಗಳನ್ನು (ಪುಟ್ಟ ಲಾಜಿಕ್ ಸರ್ಕ್ಯೂಟ್‌ಗಳು) ಮೊದಲೇ ಅಲ್ಲಲ್ಲಿ ಇಟ್ಟಿರುತ್ತಾರೆ. ಮುಂದೊಂದು ದಿನ ಬೇಕಾಗಬಹುದು ಅಂತ. ಈ ಮುಂದಾಲೋಚನೆ ನನಗೆ ಬಹಳ ಇಷ್ಟ.

2025ರಲ್ಲಿ ಬಂದ ಎ4ನಲ್ಲಿ ಇ9 ಹೋಯಿತು, ಬೂಟ್‌ರೋಮ್‌ನ (ಚಿಪ್ ಶುರುವಾದಾಗ ಮೊದಲು ಓಡುವ ಒಳಗಿನ ಪ್ರೋಗ್ರಾಮ್) ಭದ್ರತೆಯಲ್ಲಿದ್ದ ಕೆಲವು ತೂತುಗಳೂ ಮುಚ್ಚಿದವು. ಕೈಯಲ್ಲಿರುವುದು ಯಾವುದು ಅನ್ನುವುದನ್ನು ಪ್ರೋಗ್ರಾಮ್‌ನಲ್ಲೇ ಚಿಪ್ ಐಡಿ ರಿಜಿಸ್ಟರ್ ಓದಿ ತಿಳಿಯಬಹುದು. ಹಳೇ ಸರ್ಕ್ಯೂಟ್‌ಗೆ ಎ4 ಹಾಕುವುದಾದರೆ ಆ 8.2 ಕಿಲೋಓಮ್ ರೆಸಿಸ್ಟರ್ ಕಿತ್ತುಹಾಕಲೇಬೇಕೆಂದಿಲ್ಲ. ಇದ್ದರೆ ಇರಲಿ.